ದೊಡ್ಡಣ್ಣ ಹೆಣೆದ ತಂತಿ

ದೊಡ್ಡಣ್ಣ ತೀರಿಕೊಂಡು ವರ್ಷ ತುಂಬುತ್ತ ಬಂದಾಗ ಅವನ ಹೆಂಡತಿ ಉಡಚಮ್ಮ ನ್ಯಾಮತಿಯಿಂದ ಗಂಡನ ಗೆಳೆಯ ಪಾಲಣ್ಣನಿಗೆ ಫೋನು ಮಾಡಿದಳು.

"ಅಣ್ಣಾ, ಹುಣ್ಣಿಮೆ ಮಾರನೇ ದಿನ ಇವರ ಪುಣ್ಯಾನುಮೋದನೆ ಇಟ್ಕಂಡೀವಿ. ಭಂತೇಜಿ ಬರ್ತಾರೆ, ನೆಂಟರೆಲ್ಲ ಬರ್ತಾರೆ. ಆವತ್ತು ನೀವು ಆ ಎಂಜಿನ್ ತಂದು ನಮ್ಮ ಅಂಗಳದಾಗೆ ಓಡಿಸಬೇಕು."

"ಆತು ತಂಗಿ," ಎಂದ ಪಾಲಣ್ಣ.

ಹೊನ್ನಾಳಿಯಲ್ಲಿ ಅವನದು ಪಂಪ್‌ಸೆಟ್ ರಿಪೇರಿಯ ವರ್ಕ್‌ಶಾಪು. ಮುಂದೆ ಲೇತು, ಡ್ರಿಲ್ಲು, ಹೊಳೆದಂಡೆಯ ಗದ್ದೆಗಳಿಂದ ಬಂದ ಸುಟ್ಟ ಮೋಟರುಗಳು. ಹಿಂದೆ ಒಂದು ಸಣ್ಣ ಕೋಣೆ. ಆ ಕೋಣೆಯಲ್ಲಿ ಅವನೂ ದೊಡ್ಡಣ್ಣನೂ ಸೇರಿ ವರ್ಷಗಟ್ಟಲೆ ದುಡಿದು ಮಾಡಿದ ಎಂಜಿನ್ ಇತ್ತು. ಮೊದಲ ಕಾಲದ ವಿಮಾನಗಳಲ್ಲಿದ್ದ ಎಂಜಿನ್ನಿನ ಮಾದರಿ ಅದು, ಮೂಲದ ಮೂರರಲ್ಲೊಂದು ಪಾಲು ಅಳತೆಯದು. ಏಳು ಸಿಲಿಂಡರುಗಳು ಬಂಡಿಗಾಲಿಯ ಗುಂಬದಂಥ ನಡುಭಾಗದ ಸುತ್ತ ಹೂವಿನ ಎಸಳಿನಂತೆ ನಿಂತಿದ್ದವು. ಈಗಿನ ಎಂಜಿನ್‌ಗಳಲ್ಲಿ ಒಳಗಿನ ದಂಡ ತಿರುಗಿದರೆ ಇದರಲ್ಲಿ ದಂಡ ಕದಲದೆ ನಿಲ್ಲುತ್ತದೆ. ಸಿಲಿಂಡರುಗಳೆಲ್ಲ ಮುಂದೆ ಕೂರಿಸಿದ ಪಂಖದ ಜೊತೆಗೇ ಗಿರಗಿರನೆ ತಿರುಗುತ್ತವೆ.

ದೊಡ್ಡಣ್ಣ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು. ನಿವೃತ್ತನಾಗಿ ಊರಿಗೆ ಬಂದ ಮೇಲೆ ಒಂದು ದಿನ ನಕ್ಷೆಗಳ ಸುರುಳಿ ಹಿಡಿದು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದ. "ಲೇ ಪಾಲ, ಲೇತು ನಿಂದು, ತಲೆ ನಂದು. ಮಾಡಾನೇನು?" ಎಂದಿದ್ದ. ಪಾಲಣ್ಣ, "ನಿನ್ನ ತಲೆಗಿಂತ ನನ್ನ ಲೇತು ಗಟ್ಟಿ ಐತೆ, ಬಾ ಒಳಗೆ," ಎಂದು ಕರೆದಿದ್ದ. ಆ ಎಂಜಿನ್‌ಗೆ ಹಾಕುವುದು ಹರಳೆಣ್ಣೆ ಎಂದು ತಿಳಿದಾಗ ಅವನಿಗೆ ನಂಬಿಕೆಯೇ ಬಂದಿರಲಿಲ್ಲ.

"ದೀಪಕ್ಕೆ ಹಾಕೋದೇನೋ?"

"ಹೂಂ, ಅದೇ. ಎಂಜಿನ್ ತಿರುಗಿದಂಗೆ ಆ ಎಣ್ಣೆ ಹಾರಿ ವಿಮಾನ ಬಿಡೋರ ಬಾಯಿಗೆಲ್ಲ ಬೀಳ್ತಿತ್ತಂತೆ. ಕೆಳಗೆ ಇಳಿದ ಕೂಡ್ಲೆ ಯುದ್ಧ ಬಿಟ್ಟು ಚೊಂಬು ಹುಡುಕ್ತಿದ್ರಂತೆ."

ದೊಡ್ಡಣ್ಣ ಹೀಗೆ ನಗಿಸುತ್ತ ತಾನೂ ನಗುತ್ತಿದ್ದ. ಪಾಲಣ್ಣನ ಅಕ್ಕನನ್ನು ಜಗಳೂರಿನ ಕಡೆ ಕೊಟ್ಟಿತ್ತು. ಅವಳೇ ಹೊಲದ ಹರಳು ಗಾಣಕ್ಕೆ ಹಾಕಿಸಿ ಎಣ್ಣೆ ಕಳಿಸಿದ್ದಳು. ಕೊನೆಗೆ ಎಲ್ಲ ಜೋಡಿಸಿ, ಪೆಟ್ರೋಲು ಹಾಕುವ ಮೊದಲು ಒಳಭಾಗಗಳು ಒಂದಕ್ಕೊಂದು ಹೊಂದಲಿ ಎಂದು ಹರಳೆಣ್ಣೆ ಹೊಯ್ದು, ಒಂದೆರಡು ತಿಂಗಳು ಆಗಾಗ ಕರೆಂಟಿನ ಮೋಟರಿಗೆ ಕಟ್ಟಿ ತಿರುಗಿಸಿದ್ದರು. ಮುಂದಿನ ವಾರ ಬೆಂಕಿ ಕೊಡೋಣ ಎಂದು ಹೇಳಿ ಹೋದ ದೊಡ್ಡಣ್ಣ ನ್ಯಾಮತಿ ಬಸ್ ನಿಲ್ದಾಣದಲ್ಲಿ ಎದೆ ಹಿಡಿದು ಕುಸಿದ.

ಸತ್ತವರ ವರ್ಷ ತುಂಬುವತನಕ ಹೊಸದೇನನ್ನೂ ಆರಂಭಿಸಬಾರದು ಎಂಬುದು ಪಾಲಣ್ಣನ ಮನೆಯ ಪದ್ಧತಿ. ದೊಡ್ಡಣ್ಣನ ಮನೆಯವರು ಬೌದ್ಧರು, ಅವರಿಗೆ ಆ ಕಟ್ಟಿಲ್ಲ. ದೊಡ್ಡಣ್ಣ ಅವನಿಗೆ ರಕ್ತಸಂಬಂಧಿಯೂ ಅಲ್ಲ. ಆದರೂ ಪಾಲಣ್ಣ ಒಡಹುಟ್ಟಿದವನಿಗೆ ಮಾಡುವಂತೆ ಮಾಡಿದ. ಹಿಂದಿನ ಕೋಣೆಗೆ ಬೀಗ ಹಾಕಿದ. ಅಮಾವಾಸ್ಯೆಗೊಮ್ಮೆ ಮಾತ್ರ ತೆಗೆದು, ಎಂಜಿನ್ ಒರೆಸಿ, ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ ಮತ್ತೆ ಮುಚ್ಚುತ್ತಿದ್ದ. ಪಂಖವನ್ನು ಒಮ್ಮೆಯೂ ತಿರುಗಿಸಲಿಲ್ಲ. ತಿರುಗಿಸಿದರೆ ಕೆಲಸ ಆರಂಭಿಸಿದಂತಾಗುತ್ತದೆ ಎಂದು ಭಾವಿಸಿದ್ದ.

ಉಡಚಮ್ಮನೇ ಕೇಳಿದ ಮೇಲೆ ದೋಷವಿಲ್ಲವೆಂದು, ಫೋನು ಬಂದ ಸಂಜೆ ಅವನು ಪಂಖಕ್ಕೆ ಕೈ ಹಾಕಿದ. ಅದು ಅಲ್ಲಾಡಲಿಲ್ಲ. ಎರಡೂ ಕೈ ಕೊಟ್ಟು ಒತ್ತಿದ. ಬಂಡೆಗೆ ಕೈ ಕೊಟ್ಟಂತಿತ್ತು.

ಎಲ್ಲಿ ಹಿಡಿದಿದೆ ಎಂದು ತಿಳಿಯದೆ ಮನೆಗೆ ಹೋದ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ದೇವರ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಲು ಕುಳಿತಾಗ ತಿಳಿಯಿತು. ದೀಪದ ಬುಡದಲ್ಲಿ ಎಣ್ಣೆ ಕಂದುಬಣ್ಣದ ಅಂಟಾಗಿ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದರೂ ಬಿಡುತ್ತಿರಲಿಲ್ಲ. ಹರಳೆಣ್ಣೆಯ ಗುಣವೇ ಅದು. ಬಾಳೆಲ್ಲ ದೀಪ ತಿಕ್ಕಿದವನಿಗೆ ಗೊತ್ತಿದ್ದ ಸಂಗತಿ, ಎಂಜಿನ್ನಿನ ಮುಂದೆ ನಿಂತಾಗ ಹೊಳೆದಿರಲಿಲ್ಲ. ದೊಡ್ಡಣ್ಣ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಪಂಖ ತಿರುವುತ್ತಿದ್ದುದು ಈಗ ನೆನಪಾಯಿತು. ಮಕ್ಕಳ ತಲೆ ಸವರಿದಂತೆ ಅದೊಂದು ಪ್ರೀತಿ ಎಂದುಕೊಂಡಿದ್ದ ಪಾಲಣ್ಣ. ಎಣ್ಣೆ ಅಂಟಾಗದಿರಲಿ ಎಂದು ದೊಡ್ಡಣ್ಣ ಹಾಗೆ ಮಾಡುತ್ತಿದ್ದ. ತಿರುವದೆ ಬರೀ ಪೂಜೆ ಮಾಡಿ ಮಾಡಿ ಪಾಲಣ್ಣ ತಾನೇ ಎಂಜಿನ್ನನ್ನು ಕಲ್ಲು ಮಾಡಿದ್ದ.

ಬಣ್ಣದಂಗಡಿಯಿಂದ ತಿನ್ನರ್ ತಂದು ಪ್ಲಗ್ಗಿನ ತೂತುಗಳಲ್ಲಿ ಹೊಯ್ದು ನೆನೆಸಿದ. ಬಿಸಿನೀರಿನ ಬಟ್ಟೆ ಸುತ್ತಿದ. ಒಂದೆರಡು ದಿನ ಕಳೆದ ಮೇಲೆ ಪಂಖ ಅರ್ಧ ಸುತ್ತು ಬಂದು ನಿಂತಿತು. ಈ ಎಂಜಿನ್ನಿನಲ್ಲಿ ಗಾಳಿ ಪೆಟ್ರೋಲು ಒಳಬರುವ ಪುಟ್ಟ ಕವಾಟಗಳು ಪಿಸ್ಟನ್ನಿನ ನೆತ್ತಿಯಲ್ಲೇ ಇರುತ್ತವೆ. ಅವು ಅಂಟಿಕೊಂಡರೆ ಮೇಲಿಂದ ಏನು ಹೊಯ್ದರೂ ಪೂರ್ತಿ ಬಿಡುವುದಿಲ್ಲ. ಸಿಲಿಂಡರುಗಳನ್ನು ಬಿಚ್ಚಲೇಬೇಕು.

ಸ್ಪ್ಯಾನರು ಕೈಗೆ ತೆಗೆದುಕೊಂಡು ಪಾಲಣ್ಣ ಹಾಗೆಯೇ ಕುಳಿತ. ಸಿಲಿಂಡರಿನ ಬುಡದ ನಟ್ಟುಗಳಿಗೆಲ್ಲ ದೊಡ್ಡಣ್ಣ ಸಣ್ಣ ಉಕ್ಕಿನ ತಂತಿ ಹಾಕಿ ಹೆಣೆದಿದ್ದ. ಒಂದು ನಟ್ಟು ಸಡಿಲಾಗಲು ಹೋದರೆ ಪಕ್ಕದ ನಟ್ಟು ಎಳೆದು ಹಿಡಿಯುವ ಹಾಗೆ ಜೋಡಿ ಜೋಡಿಯಾಗಿ ಕಟ್ಟಿದ ತಂತಿ. ವಿಮಾನದವರ ಪದ್ಧತಿ ಅದು. ಹೆಣ್ಣುಮಕ್ಕಳ ಜಡೆಯಂತೆ ಒಂದೇ ಸಮನಾದ ಹೆಣಿಗೆ. ಅದನ್ನು ಕತ್ತರಿಸದೆ ನಟ್ಟು ತಿರುಗುವುದಿಲ್ಲ. ದೊಡ್ಡಣ್ಣನ ಕೈ ಕೊನೆಗೆ ಮಾಡಿದ ಕೆಲಸ ಅದೇ. ಹರಕೆಯ ಕಂಕಣವನ್ನು ಕಟ್ಟಿದವರೇ ಬಿಚ್ಚಬೇಕು ಎಂದು ಕೇಳಿ ಬೆಳೆದವನು ಪಾಲಣ್ಣ. ಕಟ್ಟಿದವನು ಇಲ್ಲದ ಮೇಲೆ ಬಿಚ್ಚುವವರು ಯಾರು?

ಊರ ದೇವತೆ ಅಮ್ಮನ ಗುಡಿಗೆ ಹೋಗಿ ಹೂವಿನ ಪ್ರಸಾದ ಕೇಳಿದ. ಬಲಕ್ಕೆ ಬಿದ್ದರೆ ಬಿಚ್ಚುವುದು, ಎಡಕ್ಕೆ ಬಿದ್ದರೆ ಬಿಡುವುದು. ಕೈ ಮುಗಿದು ನಿಂತ. ಕಾಲು ಸೋಲುವವರೆಗೂ ನಿಂತ. ಹೂವು ಬೀಳಲೇ ಇಲ್ಲ. ಪೂಜಾರಿ, "ಅಮ್ಮಗೂ ಬ್ಯಾಸರಾಗಿರ್ತದೆ ಪಾಲಣ್ಣ, ನಾಳೆ ಬಾ," ಎಂದು ಬಾಗಿಲು ಎಳೆದ.

ಮರುದಿನ ಅವನು ಗುಡಿಗೆ ಹೋಗಲಿಲ್ಲ, ನ್ಯಾಮತಿಯ ಬಸ್ಸು ಹತ್ತಿದ. ಉಡಚಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಗಳು ಸಂಘಮಿತ್ರಾ ಚನ್ನಗಿರಿಯ ಆಸ್ಪತ್ರೆಯಲ್ಲಿ ನರ್ಸು. ರಜೆ ಹಾಕಿ ಬಂದಿದ್ದಳು.

"ತಂಗೀ, ಎಂಜಿನ್ ತಂದು ಇಡ್ತೀನಿ," ಎಂದ ಪಾಲಣ್ಣ. "ಫೋಟೋದ ಪಕ್ಕದಾಗೆ ಇಡಾನ. ಓಡ್ಸಾದು ಬ್ಯಾಡ."

"ಯಾಕಣ್ಣಾ?"

ಎಣ್ಣೆ ಅಂಟಾದದ್ದನ್ನೂ ಅದು ತನ್ನ ತಪ್ಪೆಂಬುದನ್ನೂ ಬಿಚ್ಚಲೇಬೇಕಾದ್ದನ್ನೂ ಹೇಳಿದ. ತಂತಿಯ ಮಾತು ಬಂದಾಗ ಟವೆಲಿನಿಂದ ಕಣ್ಣು ಒರೆಸಿಕೊಂಡ. "ಅವ್ನು ಕಟ್ಟಿ ಹೋಗ್ಯಾನೆ. ನಾನು ಹೆಂಗೆ ಕತ್ತರಿಸ್ಲಿ?"

ಉಡಚಮ್ಮ ಮೊರ ಕೆಳಗಿಟ್ಟಳು. "ನಮ್ಮನೇವ್ರು ನನ್ನ ಮಿಕ್ಸಿ ಬಿಚ್ಚಿದ್ರು, ಹೊಲಿಗೆ ಮಿಷನ್ ಬಿಚ್ಚಿದ್ರು, ಚಂದಾಗಿ ಓಡ್ತಿದ್ದ ಫ್ಯಾನು ಬಿಚ್ಚಿ ಎಂಟು ದಿನ ಸೆಖೆಯಾಗೆ ಮಲಗಿಸಿದ್ರು. ಆವಾಗ ಒಬ್ರೂ ಅಳಲಿಲ್ಲ. ನೀವು ನೋಡಿದ್ರೆ ಒಂದು ತಂತಿಗೆ ಕಣ್ಣಾಗೆ ನೀರು ಹಾಕ್ತೀರಿ."

"ನಗಬ್ಯಾಡ ತಂಗಿ."

"ನಗ್ತಿಲ್ಲಣ್ಣಾ. ನಾನೂ ವರ್ಷದಿಂದ ಅವ್ರ ಒಂದು ಅಂಗಿ ಒಗೀದಂಗೆ ಇಟ್ಕಂಡೀನಿ. ಅದು ಅಂಗಿ, ಇಟ್ಕಂಡ್ರೆ ಇರ್ತದೆ. ಇದು ಎಂಜಿನ್. ಓಡ್ಲಿ ಅಂತ ಮಾಡಿದ್ರೋ, ಹೂವು ಏರ್ಸಾಕೆ ಮಾಡಿದ್ರೋ?"

ಒಳಗಿನಿಂದ ಚಹಾ ತಂದ ಸಂಘಮಿತ್ರಾ ಅವನ ಮುಂದೆ ಕುಳಿತಳು.

"ಮಾವಾ, ಅಪ್ಪ ಡ್ಯೂಟಿ ಮುಗಿಸಿ ಬಂದಾಗ ನಮಗೆಲ್ಲ ಏನು ತರ್ತಿದ್ರು ಗೊತ್ತಾ? ಚೀಲದ ತುಂಬ ಅದೇ ತಂತಿ ತುಂಡು. ಒಂದ್ಸಲ ಕತ್ತರಿಸಿದ್ದನ್ನ ಮತ್ತೆ ಹಾಕೋ ಹಂಗಿಲ್ಲಂತೆ, ಬಿಸಾಕಬೇಕಂತೆ. ಕ್ವಾರ್ಟರ್ಸ್‌ನಾಗೆ ಎಲ್ಲ ಮಕ್ಕಳೂ ಅದ್ರಾಗೆ ಗೊಂಬೆ ಮಾಡ್ತಿದ್ವಿ. ದಿನಾ ಕತ್ತರಿಸೋದು, ದಿನಾ ಹೊಸಾದು ಕಟ್ಟೋದು, ಅದೇ ಅವ್ರ ನೌಕರಿ. ಯಾರೋ ಫಿಟ್ಟರ್ ಕಟ್ಟಿದ್ದನ್ನ ಅಪ್ಪ ಕತ್ತರಿಸ್ತಿದ್ರು, ಅಪ್ಪ ಕಟ್ಟಿದ್ದನ್ನ ಇನ್ಯಾರೋ."

ಚಹಾ ಆರಿತು. ಪಾಲಣ್ಣ ಅದನ್ನು ಹಾಗೆಯೇ ಕುಡಿದು ಎದ್ದ. "ಬಟ್ಟೆ ಹಳೇದು ಉಟ್ಕಂಡು ಬರ್ರಿ ಇಬ್ರೂ," ಎಂದ. "ಹಿಡಕಣಾಕೆ ಜನ ಬೇಕು."

ಮರುದಿನ ಮೂವರೂ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಕುಳಿತರು. ಪಾಲಣ್ಣ ಅಮ್ಮನ ಹೆಸರು ಹೇಳಿ ಇಕ್ಕಳವನ್ನು ಮೊದಲ ತಂತಿಗೆ ಒಡ್ಡಿದ. ಟಕ್ ಎಂಬ ಸಣ್ಣ ಸದ್ದು. ಅಷ್ಟೇ. ಆಕಾಶ ಬೀಳಲಿಲ್ಲ, ಎದೆಯೂ ಹಗುರಾಗಲಿಲ್ಲ. ಮುಂದಿನ ತಂತಿ ಕತ್ತರಿಸಿದ. ತುಂಡುಗಳನ್ನು ಉಡಚಮ್ಮ ತಟ್ಟೆಗೆ ಹಾಕಿದಳು, ಆಮೇಲೆ ಒಂದನ್ನೂ ಇಟ್ಟುಕೊಳ್ಳದೆ ಕಸದ ಬುಟ್ಟಿಗೆ ಸುರಿದಳು.

ಸಿಲಿಂಡರುಗಳು ಒಂದೊಂದಾಗಿ ಹೊರಬಂದವು. ಒಳಗೆ ಎಲ್ಲೆಲ್ಲೂ ಬೆಲ್ಲದ ಪಾಕದಂಥ ಅಂಟು. ಸಂಘಮಿತ್ರಾ ಸೂಜಿ ಇಲ್ಲದ ಸಿರಿಂಜಿನಲ್ಲಿ ತಿನ್ನರ್ ಹಿಡಿದು ಕವಾಟಗಳನ್ನು ತೊಳೆದಳು. ಪಿಸ್ಟನ್ನುಗಳ ಸುತ್ತ ಕಾಗದದಷ್ಟು ತೆಳುವಾದ ಕಂಚಿನ ರಿಂಗುಗಳಿದ್ದವು. ದೊಡ್ಡಣ್ಣ ಅವನ್ನು ಉಸಿರು ಹಿಡಿದು ಮಾಡಿದ್ದ. ಐದನೆಯ ಸಿಲಿಂಡರು ಎಳೆಯುವಾಗ ಅದರ ರಿಂಗು ಅಂಟಿಗೆ ಹಿಡಿದು ಸೀಳಿತು.

ಮೂವರೂ ಅದನ್ನೇ ನೋಡಿದರು.

"ಬೈಕೊಳ್ರಿ," ಎಂದಳು ಉಡಚಮ್ಮ. "ಅವ್ರಿದ್ದಿದ್ರೆ ಇಷ್ಟೊತ್ತಿಗೆ ನಿಮ್ಮ ವಂಶಾನೇ ಜಾಲಾಡ್ತಿದ್ರು."

ಪಾಲಣ್ಣನಿಗೆ ಬೈಯಲೂ ತ್ರಾಣವಿರಲಿಲ್ಲ. ಲೇತಿಗೆ ಕಂಚು ಕಟ್ಟಿದ. ಅವನ ಕೈಗೆ ಪಂಪಿನ ಬುಷ್ಷು ಗೊತ್ತು, ಇಂಥ ನಯದ ಕೆಲಸವೆಲ್ಲ ದೊಡ್ಡಣ್ಣನದು. ಮೊದಲ ರಿಂಗು ಹರಿಯಿತು. ಎರಡನೆಯದು ಓರೆಯಾಯಿತು. ಊಟ ಮಾಡಿ ಬಂದು ಮತ್ತೆ ಕುಳಿತ. ಕೊನೆಗೊಂದು ಕೂತಿತು, ಆದರೆ ಕೊಂಚ ದಪ್ಪ. ಇರಲಿ ಎಂದುಕೊಂಡ. ಹುಣ್ಣಿಮೆಯ ದಿನದವರೆಗೂ ಜೋಡಿಸುವ ಕೆಲಸ ನಡೆಯಿತು. ಹೊಸ ತಂತಿ ಅವನೇ ಹೆಣೆದ. ಎಮ್ಮೆಯ ಬಾಲದಂತೆ ವಕ್ರವಾಗಿತ್ತು. ಎಳೆದು ನೋಡಿದ, ಬಿಗಿಯಾಗಿತ್ತು.

ಪುಣ್ಯಾನುಮೋದನೆಯ ದಿನ ಲಗೇಜ್ ಆಟೋದಲ್ಲಿ ಎಂಜಿನ್ ನ್ಯಾಮತಿಗೆ ಬಂತು. ಬೌದ್ಧ ಭಿಕ್ಷುಗಳಾದ ಭಂತೇಜಿ ತ್ರಿಶರಣ, ಪಂಚಶೀಲ ಹೇಳಿಸಿದರು. ಪಾಲಣ್ಣನೂ ಜನರ ನಡುವೆ ಕೈ ಮುಗಿದು, ತನಗೆ ಬಂದಷ್ಟು ಹೇಳಿದ. ಮುಗಿದ ಮೇಲೆ ಅಂಗಳದ ಬೆಂಚಿಗೆ ಎಂಜಿನ್ ಬಿಗಿದು, ಬೆಂಚಿನ ಮೇಲೆ ಒರಳುಕಲ್ಲು ಹೇರಿದರು. ಪಾಲಣ್ಣ ಪೆಟ್ರೋಲು ಬಿಟ್ಟ, ಹರಳೆಣ್ಣೆಯ ನಲ್ಲಿ ತಿರುವಿದ, ಬ್ಯಾಟರಿ ಜೋಡಿಸಿದ. ಪಂಖ ಹಿಡಿದು ಎಳೆದ. ಏನೂ ಆಗಲಿಲ್ಲ. ಮತ್ತೆ ಎಳೆದ. ಕೆಮ್ಮಿತು.

"ಅದಕ್ಕೂ ವಯಸ್ಸಾಗೈತೆ ಬಿಡ್ರಿ," ಎಂದರು ನೆಂಟರಲ್ಲಿ ಒಬ್ಬರು.

ಮೂರನೆಯ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಸಿಲಿಂಡರುಗಳು ಕಣ್ಣಿಗೆ ಕಾಣದಂತೆ ಒಂದು ಬೂದುಬಣ್ಣದ ಚಕ್ರವಾದವು. ಒಂದು ಸಿಲಿಂಡರು, ಬಹುಶಃ ಐದನೆಯದು, ನಡುನಡುವೆ ಉರಿಯದೆ ತಪ್ಪುತ್ತಿತ್ತು. ಶಾಮಿಯಾನದ ಬಟ್ಟೆ ಪಟಪಟಿಸಿತು. ಸುಟ್ಟ ಹರಳೆಣ್ಣೆಯ ಕಮಟು ವಾಸನೆ ಅಂಗಳ ತುಂಬಿತು. ಎಣ್ಣೆಯ ಹನಿಗಳು ಸಿಡಿದು ಹತ್ತಿರ ನಿಂತವರ ಬಿಳಿ ಬಟ್ಟೆಯ ಮೇಲೆಲ್ಲ ಬಿದ್ದವು. ನೆಂಟರು ಹಿಂದೆ ಸರಿದರು. ಉಡಚಮ್ಮ ಸರಿಯಲಿಲ್ಲ. ಬಿಳಿ ಸೀರೆಯ ಎದೆಯ ಮೇಲೆ ಎಣ್ಣೆ ಬೀಳುತ್ತಿದ್ದರೂ ಹಾಗೆಯೇ ನಿಂತು ನೋಡಿದಳು. ಅವಳ ಬಾಯಿ ಏನೋ ಹೇಳುತ್ತಿತ್ತು. ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಪೆಟ್ರೋಲು ತೀರಿ ಎಂಜಿನ್ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಸಂಘಮಿತ್ರಾ ಅಮ್ಮನ ತೋಳು ಹಿಡಿದುಕೊಂಡಿದ್ದಳು. ಪಾಲಣ್ಣ ತನಗೆ ಸಂತೋಷವಾಗುವುದೆಂದು ಕಾದ. ಆಗಿದ್ದು ದಣಿವು. ಇಂಥ ಹೊತ್ತಿನಲ್ಲಿ "ಲೇ, ಐದನೇದಕ್ಕೆ ಏನು ಮಾಡಿದ್ಯೋ?" ಎಂದು ಕೇಳಬೇಕಾದವನು ಅಂಗಳದಲ್ಲಿ ಇರಲಿಲ್ಲ.

"ಊಟಕ್ಕೆ ಏಳ್ರಿ ಅಣ್ಣಾ, ಎಲೆ ಹಾಕೈತೆ," ಎಂದಳು ಉಡಚಮ್ಮ.

"ನೀವು ನಡೀರಿ," ಎಂದ ಪಾಲಣ್ಣ. "ಒಳಗೆಲ್ಲ ಎಣ್ಣೆ ಐತೆ. ಬಿಸಿ ಇರುವಾಗ್ಲೇ ಬಿಚ್ಚಿ ತೊಳೀಬೇಕು. ಬಿಟ್ರೆ ಮತ್ತೆ ಅಂಟಾಗ್ತದೆ."

"ಇವತ್ತೇನಾ?"

"ಓಡಿಸಿದಾಗೆಲ್ಲ ತೊಳೀಬೇಕು ತಂಗಿ. ಇನ್ನು ಮ್ಯಾಲೆ ಇದೇ ಕೆಲಸ."

ಉಡಚಮ್ಮ ಒಳಗೆ ಹೋಗಿ ಒಂದು ಖಾಲಿ ತಟ್ಟೆ ತಂದು ಬೆಂಚಿನ ಪಕ್ಕ ಹಿಡಿದು ನಿಂತಳು. ಪಾಲಣ್ಣ ಇಕ್ಕಳ ಎತ್ತಿ, ನಿನ್ನೆ ತಾನೇ ಹೆಣೆದಿದ್ದ ತಂತಿಯನ್ನು ಕತ್ತರಿಸಿದ. ಸಿಲಿಂಡರು ಬೆರಳು ಸುಡುವಷ್ಟು ಕಾದಿತ್ತು. ಹೆಗಲ ಟವೆಲನ್ನು ಮಡಚಿ ಹಿಡಿದುಕೊಂಡು, ನಟ್ಟಿಗೆ ಸ್ಪ್ಯಾನರು ಕೊಟ್ಟ.