ಒಂದು ಹಿಡಿ ಬೀಜ

ರಘುವೀರನ ದನಿ ಚೆನ್ನಾಗಿತ್ತು. ಅದೇ ಅವನಿಗೆ ಮುಳುವಾಯಿತು ಎನ್ನುವವರು ಈಗ ಬಹಳ ಮಂದಿ ಇದ್ದಾರೆ. ಮೊದಲೇ ಹೇಳಿದವರು ಒಬ್ಬರೂ ಇರಲಿಲ್ಲ. ಸವಣೂರಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ಅವನು ಶಿಗ್ಗಾಂವಿಯ ಪುಟ್ಟ ಬಾನುಲಿ ಕೇಂದ್ರವೊಂದರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಅರ್ಧ ತಾಸು ಮಾತಾಡುತ್ತಿದ್ದ. ಕಾರ್ಯಕ್ರಮದ ಹೆಸರು ‘ಹೊಲದ ನೆರೆಯವರು’. ಅದನ್ನು ಕೇಳಿ ಹಾನಗಲ್ಲ ಕಡೆಯ ಒಬ್ಬರು ಗೂಬೆ ಕೂಡುವ ಹುಣಸೆಮರಕ್ಕೆ ಕೊಡಲಿ ಹಾಕದೆ ಬಿಟ್ಟರು. ಹಿರೇಕೆರೂರಿನ ಹೈಸ್ಕೂಲು ಹುಡುಗಿಯರು ಕೆರೆಯಲ್ಲಿ ಹಕ್ಕಿಬಲೆ ಹಾಕಿದವರನ್ನು ಬೈದು ಓಡಿಸಿದರು.

ಆದರೆ ರಘುವೀರ ನೆಲ ಉತ್ತವನಲ್ಲ. ಅವನ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಎಲ್ಲರೂ ಪುಸ್ತಕ ಹಿಡಿದವರೇ. ಹೊಲ ಅವನಿಗೆ ಗೊತ್ತಿದ್ದದ್ದು ದುರ್ಬೀನಿನಲ್ಲಿ.

ಸೀಗಿ ಹುಣ್ಣಿಮೆಗೆ ಈ ಕಡೆ ರೈತರು ಭೂಮಿತಾಯಿಗೆ ಎಡೆ ಮಾಡಿ, ಅಡಿಗೆಯನ್ನು ಹೊಲದ ತುಂಬ ಚೆಲ್ಲುತ್ತಾರೆ. ಅದೇ ಚರಗ. ಹುಣ್ಣಿಮೆಯ ಹಿಂದಿನ ಭಾನುವಾರ ರಘುವೀರ ನವಿಲಿನ ಮಾತು ತೆಗೆದಿದ್ದ. ಹಾವಿನ ವಿಷವನ್ನೇ ಅರಗಿಸಿಕೊಳ್ಳುವ ಹೊಟ್ಟೆ ಅದರದು ಎಂದ. ಕೊನೆಗೆ ದನಿ ತಗ್ಗಿಸಿ, “ಈ ಸಲ ಚರಗದ ಜೊತೆಗೆ ನಿಮ್ಮ ಬೀಜದ ಚೀಲದಿಂದ ಒಂದು ಹಿಡಿ ನವಿಲಿಗೂ ಇರಲಿ” ಎಂದ. ‘ಬೀಜದ ಚೀಲ’ ಎಂಬ ಮಾತು ಅವನು ಬರೆದು ತಂದ ಹಾಳೆಯಲ್ಲಿ ಇರಲಿಲ್ಲ. ಬಾಯಿಗೆ ಬಂತು, ಕಿವಿಗೆ ಚಂದ ಕೇಳಿತು, ಅಂದುಬಿಟ್ಟ.

ಹುಣ್ಣಿಮೆ ಕಳೆದು ಮೂರನೆಯ ದಿನ ಹಿರೇಬೆಂಡಿಗೇರಿಯ ಹಳ್ಳದ ದಂಡೆಯಲ್ಲಿ ಏಳು ನವಿಲು ಸತ್ತು ಬಿದ್ದಿದ್ದವು. ಅರಣ್ಯ ಇಲಾಖೆಯವರು ವಿಷ ಎಂದರು. ರಘುವೀರ ಹೋಗಿ ನೋಡಿ ಬಂದ. ಅವನಿಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಅಳು ಬೇಗ ಆರಿತು, ಸಿಟ್ಟು ಉಳಿಯಿತು. ಅದೇ ಸಂಜೆ ಕೇಂದ್ರಕ್ಕೆ ಹೋಗಿ ಒಂದು ಪ್ರಕಟಣೆ ಓದಿದ: “ಇದನ್ನು ಮಾಡಿದ ಪಾಪಿ ನಮ್ಮ ನಡುವೆಯೇ ಇದ್ದಾನೆ. ಕಂಡವರು ಮುಂದೆ ಬಂದು ಹೇಳಿ.” ದಿನಕ್ಕೆ ನಾಲ್ಕು ಸಲ ಅದು ಬಿತ್ತರವಾಯಿತು.

ಶನಿವಾರ ಮಧ್ಯಾಹ್ನ ಒಬ್ಬಾಕೆ ಬಸ್ಸಿಳಿದು ಕೇಂದ್ರಕ್ಕೆ ಬಂದಳು. ಹಿರೇಬೆಂಡಿಗೇರಿಯ ಶೇಖವ್ವ, ಅರವತ್ತು ದಾಟಿದವಳು. ಮೂರು ವರ್ಷದಿಂದ ಒಂದು ವಾರವೂ ತಪ್ಪದೆ ಕಾರ್ಯಕ್ರಮ ಕೇಳಿದವಳು. ಯಂತ್ರ ನೋಡಿಕೊಳ್ಳುವ ನದೀಮ ಕುರ್ಚಿ ಕೊಟ್ಟ, ಚಹಾ ಕೊಟ್ಟು ಒಳಗೆ ಹೋದ. ರಘುವೀರ ಅವಳ ಎದುರಿಗೆ ಕೂತ.

“ಆ ಪಾಪಿನ ನಾನೂ ಹುಡುಕಾಕತ್ತೇನ್ರಿ ಸರ,” ಎಂದಳು. “ಹಳ್ಳದ ಬಾಜೂನ ನಮ್ಮ ಹೊಲ. ನಾಕ್ ದಿನ ಬದುವಿನ ಮ್ಯಾಲ ಕುಂತೇನಿ. ಹೊರಗಿನವ್ರು ಒಬ್ರೂ ಬಂದಿಲ್ಲರಿ.”

“ಹುಣ್ಣಿಮೆ ದಿನ?”

“ಅವತ್ತು ನಾವ ಇದ್ವಿ. ಚರಗ ಚೆಲ್ಲಿದ್ವಿ. ನೀವು ಹೇಳಿದಂಗ ಬೀಜಾನೂ ಚೆಲ್ಲಿದ್ನಿರಿ, ಹಳ್ಳದ ಕಡೆ. ಒಂದು ಹಿಡಿ ಅಂದಿದ್ರಿ, ನಾ ಎರಡು ಹಿಡಿ ಹಾಕಿದ್ನಿ.”

“ಯಾವ ಬೀಜ?”

“ಹಿಂಗಾರಿ ಜೋಳದ್ದು. ಎಣ್ಣಿ ಹಚ್ಚಿ ಇಟ್ಟಿದ್ನಲ್ಲ, ಅದ.”

ಬಿತ್ತುವ ಬೀಜಕ್ಕೆ ಹುಳ ಹತ್ತದಂತೆ ಹಚ್ಚುವ ವಿಷಕ್ಕೆ ಇಲ್ಲಿ ಎಣ್ಣಿ ಎನ್ನುತ್ತಾರೆ. ಅದನ್ನು ಹಚ್ಚಿದ ಕೈ ತೊಳೆಯದೆ ಯಾರೂ ಮಕ್ಕಳನ್ನು ಮುಟ್ಟುವುದಿಲ್ಲ. ಹಳ್ಳಿಯ ಎಳೆ ಮಗುವಿಗೂ ಗೊತ್ತಿರುವ ಈ ಸಂಗತಿ ಪ್ರಾಣಿಶಾಸ್ತ್ರದ ರಘುವೀರನಿಗೆ ಆ ಭಾನುವಾರ ಹೊಳೆದಿರಲಿಲ್ಲ. ಉಳಿದ ರೈತರು ‘ಸರ ಏನೋ ಅಂತಾರ’ ಎಂದು ನಕ್ಕು ಬಿಟ್ಟಿದ್ದರು. ಶೇಖವ್ವ ನಕ್ಕಿರಲಿಲ್ಲ.

“ಅದು ವಿಷ ಅಲ್ಲೇನ್ರಿ ಶೇಖವ್ವ?” ಎಂದ, ಮೆಲ್ಲಗೆ.

“ನಮಗ ವಿಷರಿ. ಹಾವಿನ ವಿಷಾನ ಅರಗಿಸ್ಕೊಳ್ಳೋ ಹಕ್ಕಿಗೆ ಏನಾಕ್ಕೈತಿ? ನೀವ ಹೇಳಿದ್ರಲ್ಲ.”

ಅವಳು ಹಾಗೆಯೇ ಚಹಾ ಕುಡಿದಳು. ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ರಘುವೀರ ಏನೂ ಹೇಳದೆ ಅವಳನ್ನು ಬಸ್ಸು ಹತ್ತಿಸಿ ಬಂದ. ಹೇಡಿತನವೆಂದರೆ ಹೇಡಿತನವೇ, ಅದಕ್ಕೆ ಬೇರೆ ಹೆಸರು ಬೇಡ.

ಈಗ ಇದನ್ನು ಬಲ್ಲವನು ಅವನೊಬ್ಬನೇ. ಸುಮ್ಮನಿದ್ದರೆ ಕಾರ್ಯಕ್ರಮ ಉಳಿಯುತ್ತದೆ, ಹೆಸರು ಉಳಿಯುತ್ತದೆ. ಇನ್ನೊಂದು ಊರಿನಲ್ಲಿ ಇನ್ನೊಬ್ಬರು ಅವನ ಮಾತು ನಂಬಿ ಎಣ್ಣಿ ಬೀಜ ಚೆಲ್ಲಬಹುದು, ಅಷ್ಟೇ. ಹೇಳಿದರೆ ನವಿಲು ಕೊಂದ ಕೇಸು ಶೇಖವ್ವನ ಮೇಲೆ ಬೀಳುತ್ತದೆ. ಮನೆಯಲ್ಲಿ ಅವನ ಹೆಂಡತಿ ಕೃಷ್ಣಾಬಾಯಿ ಎಲ್ಲ ಕೇಳಿಸಿಕೊಂಡು, “ಪಾಪಿ ಅಂತ ದಿನಕ್ಕ ನಾಕ್ ಸಲ ಕೂಗಿದೋರು ನೀವ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಭಾನುವಾರ ಎಂಟಕ್ಕೆ ಕೆಂಪು ದೀಪ ಹತ್ತಿತು. ರಘುವೀರ ಹಾಳೆ ತರದೆ ಬಂದಿದ್ದ.

“ಪಾಪಿ ಸಿಕ್ಕಿದ್ದಾನೆ,” ಎಂದ. “ನಾನೇ.” ಬೀಜದ ಚೀಲದ ಮಾತು, ಹಾವಿನ ವಿಷದ ಮಾತು, ಎರಡನ್ನೂ ಒಂದೊಂದಾಗಿ ಬಿಡಿಸಿ ಹೇಳಿದ. ಎಣ್ಣಿ ಹಚ್ಚಿದ ಕಾಳು ಯಾವ ಹಕ್ಕಿಗೂ ದಕ್ಕುವುದಿಲ್ಲ ಎಂದ. ತನ್ನನ್ನು ನಂಬಿದ ಯಾರೋ ಒಬ್ಬರು ಚೆಲ್ಲಿದರು, ಅವರ ತಪ್ಪಿಲ್ಲ, ಹೆಸರು ಹೇಳುವುದಿಲ್ಲ, ಅರಣ್ಯದವರು ತನ್ನ ಹೆಸರನ್ನೇ ಬರೆದುಕೊಳ್ಳಲಿ ಎಂದ. ದನಿ ಅಂದು ಅಷ್ಟು ಚೆನ್ನಾಗಿರಲಿಲ್ಲ.

ಕೇಳುಗರ ಫೋನು ಹೊಡೆದುಕೊಂಡಿತು. ನದೀಮ ಗಾಜಿನಾಚೆಯಿಂದ, ಕೊಡಲೇ ಎನ್ನುವಂತೆ ನೋಡಿದ. ರಘುವೀರ ಹೂಂ ಎಂದು ತಲೆಯಾಡಿಸಿದ.

“ಸರ, ಹಿರೇಬೆಂಡಿಗೇರಿಯಿಂದ ಶೇಖವ್ವರಿ ಮಾತಾಡೋದು. ಬೀಜ ಚೆಲ್ಲಿದಾಕಿ ನಾನ. ನನ್ನ ಹೆಸರು ಯಾಕ ಬಿಟ್ರಿ? ನಾಕ್ ದಿನ ಬದುವಿನ ಮ್ಯಾಲ ಕುಂತು ನನ್ನ ನಾನ ಕಾದೇನಿ. ಈ ಮಾತು ನಿನ್ನೆ ನನ್ನ ಮುಂದ ಹೇಳಬೇಕಿತ್ತರಿ ನೀವು.”

“ಹೌದು,” ಎಂದ ರಘುವೀರ.

“ಏಳೂ ನನ್ನ ಕೈಯಾಗ ಹೋದ್ವು. ಇರಲಿ. ಮುಂದ ಏನ್ ಮಾಡಬೇಕು, ಅದನ್ನ ಹೇಳ್ರಿ. ನೀವು ಹೇಳಿದಂಗ ಮಾಡ್ತೇನಿ.”

ಕೆಂಪು ದೀಪ ಉರಿಯುತ್ತಲೇ ಇತ್ತು. ಮೂರು ವರ್ಷದಲ್ಲಿ ಮೊದಲ ಸಲ ರಘುವೀರ, ಬಾಯಿ ತೆರೆಯುವ ಮುಂಚೆ, ಹೇಳಬೇಕಾದ ಮಾತನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿದ.