ಡಿಕ್ಕಿಯಲ್ಲಿದ್ದ ಬಂದೂಕು

ನನ್ನ ಹೆಂಡತಿ ನಮ್ಮಪ್ಪನ ಮೇಲೆ ಪೊಲೀಸರಿಗೆ ಫೋನ್ ಮಾಡಿದಳು. ಅದೂ ಅವರನ್ನು ಎದುರಿಗೇ ಕೂರಿಸಿಕೊಂಡು, ಕುಡಿಯಲು ನೀರು ಕೊಟ್ಟು. ಇದನ್ನು ಕೇಳಿದವರೆಲ್ಲ ಮೊದಲು ಅವಳನ್ನೇ ಬೈಯುತ್ತಾರೆ. ನಾನೂ ಬೈದೆ, ಬಾಯಿಗೆ ಬಂದ ಹಾಗೆ ಬೈದೆ. ನಿಮ್ಮ ಪಾಲಿನದನ್ನೂ ನಾನೇ ಬೈದು ಮುಗಿಸಿರುವುದರಿಂದ ನಿಮಗೆ ಆ ಶ್ರಮ ಬೇಡ, ಪೂರ್ತಿ ಕೇಳಿ.

ಅಪ್ಪ ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಗುರಿ ಹಿಡಿಯುವುದನ್ನು ಕಲಿಸುತ್ತಿದ್ದರು. ನನಗೆ ಆ ಕೈ ಬರಲಿಲ್ಲ, ಕನ್ನಡಕದ ಅಂಗಡಿ ಇಟ್ಟೆ. "ಅಪ್ಪ ಕಣ್ಣಿಂದ ಬದುಕಿದ್ರು, ಮಗ ಕಣ್ಣು ಕೆಟ್ಟವರಿಂದ ಬದುಕ್ತಾನೆ" ಎಂದು ಗೆಳೆಯರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಕನ್ನಡಕಗಳೂ ನನ್ನ ಅಂಗಡಿಯವೇ.

ಬಂದೂಕಿನ ವಿಷಯದಲ್ಲಿ ಅಪ್ಪನ ಶಿಸ್ತು ವಿಪರೀತ. ಬಂದೂಕು ಒಂದು ಕಪಾಟಿನಲ್ಲಿ, ಗುಂಡುಗಳು ಬೇರೆ ಕೋಣೆಯ ಇನ್ನೊಂದು ಕಪಾಟಿನಲ್ಲಿ. ಕ್ಲಬ್ಬಿನಲ್ಲಿ ಒಂದು ರೂಢಿಯಿದೆ: ಬಂದೂಕನ್ನು ಕೈಗೆ ತೆಗೆದುಕೊಂಡವರು ಅದರ ಬಾಯಿ ತೆರೆದು, ಒಳಗೆ ಗುಂಡಿಲ್ಲವೆಂದು ಪಕ್ಕದವರಿಗೆ ತೋರಿಸಬೇಕು. "ಖಾಲಿ ಇದೆ ಅಂತ ಬಾಯಲ್ಲಿ ಹೇಳ್ಬೇಡ, ತೆಗೆದು ತೋರ್ಸು" ಎಂದು ಅಪ್ಪ ಎಲ್ಲರನ್ನೂ ಗದರಿಸುತ್ತಿದ್ದರು. ಮನೆಯಲ್ಲಿ ಒರೆಸಲು ಕೂತಾಗಲೂ ಅಷ್ಟೇ. ನನ್ನ ಹೆಂಡತಿ ಹೊಸದಾಗಿ ಬಂದಾಗ ಅವಳಿಗೂ ತೋರಿಸಿದರು. ಪಾಪ, ಏನು ಹೇಳಬೇಕೆಂದು ತಿಳಿಯದೆ ಬಗ್ಗಿ ನೋಡಿ, "ಚೆನ್ನಾಗಿದೆ ಮಾವ" ಅಂದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವಳು ಪ್ರತಿ ಸಲವೂ ನಿಜವಾಗಿಯೇ ಒಳಗೆ ಕಣ್ಣಿಟ್ಟು ನೋಡುವುದನ್ನು ಕಲಿತಳು. ಅವರಿಬ್ಬರ ನಡುವೆ ಪ್ರೀತಿ ಬೆಳೆದದ್ದೇ ಹಾಗೆ.

ಅವಳೀಗ ನಮ್ಮ ಮಗಳು ಓದುವ ಶಾಲೆಗೆ ಹೆಡ್ ಮಿಸ್. ಶಾಲೆಯ ಕಾಂಪೌಂಡಿನೊಳಗೆ ಬಂದೂಕು ತರುವಂತಿಲ್ಲ ಎನ್ನುವುದು ಕಾನೂನು. ಕೈಯಲ್ಲೂ ತರುವಂತಿಲ್ಲ, ಗಾಡಿಯಲ್ಲೂ ತರುವಂತಿಲ್ಲ. ಲೈಸೆನ್ಸ್ ಇದ್ದರೂ ಇಲ್ಲ, ಗುಂಡಿಲ್ಲದಿದ್ದರೂ ಇಲ್ಲ. ಪೋಷಕರ ಸಭೆ ಒಪ್ಪಿ ಅನುಮತಿ ಕೊಟ್ಟರೆ ಮಾತ್ರ ಬೇರೆ ಮಾತು.

ಒಂದು ಮಧ್ಯಾಹ್ನ ನಮ್ಮ ಮಗಳು ಆಟದ ಮೈದಾನದಲ್ಲಿ ಬಿದ್ದು ಕಾಲು ಉಳುಕಿಸಿಕೊಂಡಳು. ಕ್ಲಬ್ಬು ಹತ್ತಿರವೆಂದು ಹೆಂಡತಿ ಅಪ್ಪನಿಗೆ ಫೋನ್ ಮಾಡಿದಳು. ಫೋನಿನಲ್ಲಿ ಮೊಮ್ಮಗಳ ಅಳು ಕೇಳಿಸಿತಂತೆ. ಅಪ್ಪ ಕಾರನ್ನು ನೇರವಾಗಿ ಗೇಟಿನೊಳಗೆ ತಂದು ಮೆಟ್ಟಿಲ ಪಕ್ಕ ನಿಲ್ಲಿಸಿದರು. ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ, ಶಾಲೆಯ ಚೀಲ ಇಡಲು ಡಿಕ್ಕಿ ತೆಗೆದರು. ಉದ್ದನೆಯ ಕಪ್ಪು ಪೆಟ್ಟಿಗೆ, ಬೀಗ ಹಾಕಿದ್ದು, ಅಲ್ಲೇ ಮಲಗಿತ್ತು.

ಇದು ಬಂದೂಕಿನವರೇ ಮಾಡಬಲ್ಲ ತಪ್ಪು. ಡಿಕ್ಕಿಯಲ್ಲಿ ಬಂದೂಕಿದ್ದರೆ ನಾನಾಗಲಿ ನೀವಾಗಲಿ ಅದನ್ನು ಒಂದು ಕ್ಷಣವೂ ಮರೆಯಲಾರೆವು. ಅವರಿಗೆ ಹಾಗಲ್ಲ. ತೆರೆದು ತೋರಿಸಿ, ಪೆಟ್ಟಿಗೆಗಿಟ್ಟು ಬೀಗ ಹಾಕಿದರೆಂದರೆ ಅದು ಮನಸ್ಸಿನಿಂದ ಇಳಿದುಹೋಗುತ್ತದೆ. ಅಲ್ಲಿಗೆ ಅದು ಮರ ಮತ್ತು ಕಬ್ಬಿಣ, ಅಷ್ಟೇ.

ಯಾರೂ ನೋಡಿರಲಿಲ್ಲ. ಡಿಕ್ಕಿ ಮುಚ್ಚಿ ಕಾರು ಹೊರಗೆ ತೆಗೆದಿದ್ದರೆ ಮುಗಿದೇಹೋಗುತ್ತಿತ್ತು. ಅಪ್ಪ ಡಿಕ್ಕಿ ಮುಚ್ಚಿ, ಕಾರಿನ ಹತ್ತಿರ ಒಬ್ಬ ಟೀಚರನ್ನು ನಿಲ್ಲಿಸಿ, ಮೆಟ್ಟಿಲು ಹತ್ತಿ ಸೊಸೆಯ ಕೋಣೆಗೆ ಹೋದರು.

"ಡಿಕ್ಕಿಯಲ್ಲಿ ಬಂದೂಕಿದೆಯಮ್ಮ. ಗೇಟಿನ ಒಳಗೆ ತಂದ್ಬಿಟ್ಟಿದ್ದೀನಿ."

ಅವಳು ಅವರನ್ನು ಎದುರಿಗೆ ಕೂರಿಸಿ ನೀರು ಕೊಟ್ಟಳಂತೆ. "ಮಾವ, ಈಗ ನಾನು ಫೋನ್ ಮಾಡ್ಬೇಕಾಗತ್ತೆ."

"ಅದಕ್ಕೇ ಬಂದಿದ್ದು. ಮಾಡು."

ಅವಳು ಫೋನ್ ಎತ್ತಿಕೊಂಡಳು. ಗೋಡೆಯ ಮೇಲಿದ್ದ ಠಾಣೆಯ ನಂಬರನ್ನು ಅಪ್ಪನೇ ಓದಿ ಹೇಳಿದರು.

ಸಂಜೆ ನನಗೆ ವಿಷಯ ತಿಳಿದಾಗ ಪಿತ್ತ ನೆತ್ತಿಗೇರಿತು.

"ಯಾರೂ ನೋಡಿರ್ಲಿಲ್ಲ ತಾನೇ?" ಎಂದು ಹೆಂಡತಿಯ ಮೇಲೆ ಕೂಗಾಡಿದೆ.

"ನನಗೆ ಗೊತ್ತಾಯ್ತಲ್ಲ ರೀ. ಬೇರೆಯವರ ಮಾವ ಆಗಿದ್ರೆ ಫೋನ್ ಮಾಡ್ತಿದ್ದೆ. ನಮ್ಮ ಮಾವ ಅಂತ ಸುಮ್ನಿದ್ರೆ, ಇನ್ನು ಯಾರಿಗೆ ಹೇಳೋ ಮುಖ ಇರತ್ತೆ ನನಗೆ?"

ಅಪ್ಪ ಒಳಗಿನಿಂದ ಬಂದರು. "ಅವಳ ಮೇಲೆ ಯಾಕೋ ಹಾರಾಡ್ತೀಯ? ಹೇಳಿದ್ದು ನಾನು."

"ನೀವಂತೂ ಇರಲಾರದೆ ಇರುವೆ ಬಿಟ್ಕೊಂಡ್ರಿ!"

"ನನ್ನ ಮೈಮೇಲೆ ಬಿಟ್ಕೊಂಡೆ. ಮಕ್ಕಳ ಮೇಲೆ ಬಿಡ್ಲಿಲ್ಲವಲ್ಲ" ಎಂದು ಅವರು ಊಟಕ್ಕೆ ಕೂತರು.

ಬಂದೂಕು ಠಾಣೆಗೆ ಹೋಯಿತು, ಕೇಸ್ ಮುಗಿಯುವವರೆಗೆ ಲೈಸೆನ್ಸನ್ನೂ ತಡೆಹಿಡಿದರು. ಲೈಸೆನ್ಸ್ ಇಲ್ಲದವರು ಕ್ಲಬ್ಬಿನಲ್ಲಿ ಕಲಿಸುವಂತಿಲ್ಲ. ಆ ಕ್ಲಬ್ಬೇ ಅಪ್ಪನ ಉಸಿರು. ಅಮ್ಮ ತೀರಿಕೊಂಡ ಮೇಲೆ ಅವರು ನೆಟ್ಟಗೆ ಎದ್ದು ನಿಂತದ್ದೇ ಅಲ್ಲಿಯ ಮಕ್ಕಳಿಂದ. ಈಗ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಶೂ ಹಾಕಿಕೊಂಡು, ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ ಮತ್ತೆ ಬಿಚ್ಚುತ್ತಿದ್ದರು. ಅದನ್ನು ನೋಡಿ ಹೆಂಡತಿಯ ಜೊತೆ ಮಾತು ಬಿಟ್ಟೆ. ಉಪ್ಪು ಬೇಕಾದರೂ ಮಗಳ ಮೂಲಕ ಕೇಳುತ್ತಿದ್ದೆ.

ಲೈಸೆನ್ಸ್ ಅಧಿಕಾರಿ ಕೆಟ್ಟವನಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾತಿ. "ಬೀಗ ಹಾಕಿ ಡಿಕ್ಕಿಯಲ್ಲಿಟ್ಟ ಬಂದೂಕನ್ನ ಯಾರು ಬೇಕಾದ್ರೂ ಒಳಗೆ ತರಬಹುದು ಅಂತ ಪೋಷಕರ ಸಭೆ ಅನುಮತಿ ಕೊಡ್ಲಿ. ನಾನು ಎಚ್ಚರಿಕೆ ಕೊಟ್ಟು ಕೇಸ್ ಮುಗಿಸ್ತೀನಿ. ಇಲ್ಲಾಂದ್ರೆ ಲೈಸೆನ್ಸ್ ರದ್ದು ಮಾಡ್ಲೇಬೇಕು" ಅಂದ.

ಈ ಅನುಮತಿಗಾಗಿ ಬಹಳ ದಿನದಿಂದ ಓಡಾಡುತ್ತಿದ್ದವನು ಕಟ್ಟಡದ ಗುತ್ತಿಗೆದಾರ. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುವುದು. ಅವನ ಬಳಿಯೂ ಬಂದೂಕಿದೆ, ಮಗನನ್ನು ಶಾಲೆಗೆ ಬಿಡಲು ಬರುವಾಗ ಅದನ್ನು ಮನೆಯಲ್ಲಿಟ್ಟು ಬರುವುದು ಅವನಿಗೆ ತಲೆನೋವು. ಅಪ್ಪನ ಕಥೆ ಅವನಿಗೆ ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು. ನಾನೂ ಅವನೂ ಮನೆ ಮನೆಗೆ ಹೋಗಿ ಓಟು ಕೇಳಿದೆವು. ಹೆಂಡತಿ ತಡೆಯಲಿಲ್ಲ. "ನಿಮ್ಮ ಓಟು ನಿಮ್ಮದು ರೀ" ಎಂದಷ್ಟೇ ಅಂದಳು.

ಸಭೆ ನಡೆದದ್ದು ಚಿಕ್ಕ ಮಕ್ಕಳ ತರಗತಿಯಲ್ಲಿ. ಬೆಂಚುಗಳು ಗಿಡ್ಡ, ಎಲ್ಲರ ಮೊಣಕಾಲೂ ಎದೆಗೆ ತಾಗುತ್ತಿದ್ದವು. ಅಪ್ಪ ನನ್ನ ಪಕ್ಕದಲ್ಲಿ ಕೂತಿದ್ದರು. ಓಟು ತಂದೆತಾಯಿಗಳಿಗೆ ಮಾತ್ರ, ಅಜ್ಜನಿಗೆ ಇಲ್ಲ. ಹೆಂಡತಿ ಮುಂದೆ ನಿಂತು, "ಇವರು ನಮ್ಮ ಮಾವ. ಅದಕ್ಕೆ ನಾನು ಪರವಾಗೂ ಮಾತಾಡಲ್ಲ, ವಿರೋಧವಾಗೂ ಮಾತಾಡಲ್ಲ. ಓಟು ಎಣಿಸ್ತೀನಿ, ಅಷ್ಟೇ" ಅಂದಳು.

ಮೀಸೆ ಎದ್ದ. "ಈ ಹಿರಿಯರು ಕಳ್ಳರಾ, ಪುಂಡರಾ? ಊರಿನ ಅರ್ಧ ಮಕ್ಕಳಿಗೆ ಶಿಸ್ತು ಕಲಿಸಿದೋರು. ಮೊಮ್ಮಗಳ ಕಾಲು ನೋವು ಅಂತ ಓಡಿ ಬಂದಿದ್ದೇ ತಪ್ಪಾ? ಇಂಥವರಿಗೂ ಶಿಕ್ಷೆ ಅಂದ್ರೆ ಆ ಕಾನೂನಿಗೆ ಕಣ್ಣಿಲ್ಲ ಅಂತಾನೇ ಅರ್ಥ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಹೊಡೆದವನು ನಾನು. ಅಪ್ಪ ಬೆಂಚಿಗೆ ಕೈಯೂರಿ ಮೆಲ್ಲಗೆ ಎದ್ದು ನಿಂತರು.

"ಇಷ್ಟು ಹೊಗಳಿದ್ರಿ, ಸಂತೋಷ. ನಾನು ಹುಷಾರು ಮನುಷ್ಯ ಅನ್ನೋದೂ ನಿಜಾನೇ. ಆದ್ರೂ ಮರೆತೆ. ಮಗು ಅತ್ತಳು, ತಲೇಲಿ ಇದ್ದದ್ದೆಲ್ಲ ಹೋಯ್ತು. ಅವತ್ತು ಬೀಗ ಇತ್ತು. ಬಂದೂಕನ್ನೇ ಮರೆತವನು ಇನ್ನೊಂದಿನ ಬೀಗ ಮರೀಬಹುದು. ಡಿಕ್ಕಿ ತೆಗೆಯೋದು ಯಾವ ಮಗುವೋ ಏನೋ. ದಯವಿಟ್ಟು ನನ್ನ ಹೆಸರು ಹೇಳ್ಕೊಂಡು ಈ ಗೇಟು ತೆಗೀಬೇಡಿ."

"ಯಜಮಾನ್ರೇ, ನಿಮ್ಮ ಲೈಸೆನ್ಸ್ ಹೋಗತ್ತೆ, ಗೊತ್ತಲ್ವಾ?" ಮೀಸೆ ನಿಜವಾದ ಕಳವಳದಿಂದಲೇ ಕೇಳಿದ.

"ಗೊತ್ತಪ್ಪ. ಹೋಗ್ಲಿ."

ಆ ಕೊನೆಯ ಮಾತಿನಲ್ಲಿ ಅಪ್ಪನ ದನಿ ಒಂದಿಷ್ಟು ಒಡೆಯಿತು. ಇವರ ಮಗನಾಗಿ ಹುಟ್ಟಿದ್ದೇ ನನ್ನ ಪುಣ್ಯ ಅನ್ನಿಸಿತು. ಮುಂದೆ ನಿಂತವಳ ಕಡೆ ನೋಡಿದೆ. ಇವರ ನಿಜವಾದ ಶಿಷ್ಯೆ ನಮ್ಮನೆಯಲ್ಲೇ ಇದ್ದಾಳೆ, ನನಗಿಂತ ಮೊದಲೇ ಇವರನ್ನು ಅರ್ಥ ಮಾಡಿಕೊಂಡಿದ್ದಾಳೆ ಅನ್ನಿಸಿ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಅನುಮತಿ ಬೇಕೆನ್ನುವವರು ಕೈಯೆತ್ತಿ ಎಂದಳು. ಅಲ್ಲೊಂದು ಇಲ್ಲೊಂದು ಕೈ ಎದ್ದವು. ಮೀಸೆಯ ಕೈ ಅರ್ಧ ಮೇಲೆ ಹೋಗಿ, ಮೀಸೆ ನೀವುವ ನೆಪದಲ್ಲಿ ಕೆಳಗಿಳಿಯಿತು.

ಬೇಡವೆನ್ನುವವರು ಎಂದಳು. ತರಗತಿಯ ತುಂಬ ಕೈಗಳೆದ್ದವು. ನನ್ನ ಕೈ ತೊಡೆಯ ಮೇಲೇ ಇತ್ತು. ಎತ್ತಿದರೆ ಅಪ್ಪನ ಬಂದೂಕನ್ನು ನಾನೇ ಕಿತ್ತುಕೊಂಡಂತೆ. ಎತ್ತದಿದ್ದರೆ ಅವರು ಈಗಷ್ಟೇ ಆಡಿದ ಮಾತನ್ನು ನೆಲಕ್ಕೆ ಹಾಕಿದಂತೆ. ಕೊನೆಗೆ ಎತ್ತಿದೆ, ಕಿವಿಯವರೆಗೆ, ಬಗ್ಗಿಸಿಕೊಂಡು.

ಅಪ್ಪ ನನ್ನ ಕಡೆ ವಾಲಿದರು. "ಎತ್ತೋದಾದ್ರೆ ನೆಟ್ಟಗೆ ಎತ್ತೋ. ಮೊಣಕೈ ಬಗ್ಗಿದ್ರೆ ಗುರಿ ತಪ್ಪತ್ತೆ."

ನಾನು ಕೈ ನೆಟ್ಟಗೆ ಮಾಡಿದೆ. ಫಲಿತಾಂಶ ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಎಣಿಸುವ ಅಗತ್ಯವೇ ಇರಲಿಲ್ಲ. ಆದರೂ ಅವಳು ಸಾಲು ಸಾಲಾಗಿ ಎಣಿಸುತ್ತ ಬಂದಳು. ನಮ್ಮ ಬೆಂಚಿನ ಹತ್ತಿರ ಒಂದು ಗಳಿಗೆ ನಿಂತು, ಕಣ್ಣೊರೆಸಿಕೊಂಡು, ನನ್ನ ಕೈಯನ್ನೂ ಎಣಿಸಿದಳು.