ಹಿಸುಕಿ ಬಿಟ್ಟೆ

ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ನನ್ನ ಮೇಜಿನ ಮೇಲೆ ಎರಡು ಕೊಲೆ ಮುಗಿದಿದ್ದವು. ಒಂದರಲ್ಲಿ ಅಳಿಯ ಮಲಗಿದ್ದ ಅತ್ತೆಯ ತಲೆಯ ಮೇಲೆ ಗ್ಯಾಸ್ ಸಿಲಿಂಡರ್ ಎತ್ತಿ ಹಾಕಿದ್ದ. ಇನ್ನೊಂದರಲ್ಲಿ ಬೇಕರಿಯವನು ಪಾಲುದಾರನನ್ನು ಬ್ರೆಡ್ ಕೊಯ್ಯುವ ಚಾಕುವಿನಿಂದ ಇಪ್ಪತ್ತೆರಡು ಸಲ ಇರಿದು, ಕೈ ತೊಳೆದುಕೊಂಡು ಅಂಗಡಿ ತೆರೆದಿದ್ದ. ಗಲ್ಲಿಗೆ ಕಾದಿರುವವರ ಕ್ಷಮಾದಾನದ ಅರ್ಜಿಗಳನ್ನು ನೋಡುವ ಸರ್ಕಾರಿ ವಕೀಲರಿಗೆ ನಾನು ಮೇಲ್ವಿಚಾರಕ. ಕೈಕೆಳಗಿನ ನಾಲ್ವರು ಟಿಪ್ಪಣಿ ಬರೆಯುತ್ತಾರೆ, ನಾನು ತಿದ್ದುತ್ತೇನೆ, ಕೊನೆಗೆ 'ಪರಿಗಣಿಸಬಹುದು' ಅಥವಾ 'ತಿರಸ್ಕರಿಸಬಹುದು' ಎಂದು ಬರೆದು ಮೇಲಕ್ಕೆ ಕಳಿಸುತ್ತೇನೆ. ಮೇಲಿನವರು ಆ ಒಂದು ಪದ ಬಿಟ್ಟು ಬೇರೇನೂ ಓದುವುದಿಲ್ಲ.

ಬೆನ್ನ ಹಿಂದೆ ನನ್ನನ್ನು ಎಲ್ಲರೂ ಕೆಂಪು ಪೆನ್ನು ಎನ್ನುತ್ತಾರೆ. ಅನ್ನಲಿ. ರಕ್ತ ನೋಡಿ ನೋಡಿ ಮನಸ್ಸು ಜಡ್ಡುಗಟ್ಟಿದೆ, ಬರವಣಿಗೆ ಕೆಟ್ಟರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ಕೂಡಿಸಿ ಬರೆಯಬೇಕಾದದ್ದನ್ನು 'ತಿಂದು ಬಿಟ್ಟ', 'ಬಿದ್ದು ಬಿಟ್ಟ' ಎಂದು ನಡುವೆ ಜಾಗ ಬಿಟ್ಟು ಬರೆದರೆ ತಡೆಯಲಾಗದು. ಕೆಳಗೊಂದು ಕೆಂಪು ಕಮಾನು ಎಳೆದು ಎರಡನ್ನೂ ಜೋಡಿಸುತ್ತೇನೆ. ಹದಿನೆಂಟು ವರ್ಷದಿಂದ ಎಳೆಯುತ್ತಿದ್ದೇನೆ.

ಮೂರನೆಯ ಕೊಲೆಯನ್ನು ಹೊಸ ವಕೀಲೆ ತಂದಳು. ಗ್ಯಾರೇಜಿನ ಮೆಕ್ಯಾನಿಕ್ ಒಬ್ಬ ಒಂಬತ್ತು ವರ್ಷದ ಹಿಂದೆ ತನ್ನ ಭಾವನ ಕತ್ತು ಹಿಸುಕಿ ಕೊಂದ ಪ್ರಕರಣ. ಮೂರು ವರ್ಷದ ಹಿಂದೆ ಅವನ ಮೊದಲ ಅರ್ಜಿಗೆ 'ತಿರಸ್ಕರಿಸಬಹುದು' ಎಂದು ಬರೆದವನು ನಾನೇ. ಇದು ಎರಡನೆಯ ಅರ್ಜಿ, ಕೊನೆಯದು. ಶುಕ್ರವಾರ ಗಲ್ಲು. ಅಂದು ಮಂಗಳವಾರ.

"ಸಾರ್, ಹಳೇ ಅರ್ಜಿ ನೋಡಿ. ಅವನೇ ಕೈಯಾರೆ ಬರೆದಿರೋದು."

ಓದಿದೆ. 'ಅಕ್ಕನ ದವಡೆ ಮುರಿದಿದ್ದ. ನೋಡಿ ನನಗೆ ತಲೆ ಕೆಟ್ಟಿತು. ಭಾವನ ಕತ್ತು ಹಿಸುಕಿ ಬಿಟ್ಟೆ. ಮನೆಗೆ ಬಂದು ಅತ್ತುಬಿಟ್ಟೆ.' ಹಿಸುಕಿ, ಬಿಟ್ಟೆ ಎರಡರ ಕೆಳಗೂ ಕೆಂಪು ಕಮಾನು. ಸಾಯುವವನ ಕೈಬರಹವನ್ನೂ ನಾನು ಬಿಟ್ಟಿರಲಿಲ್ಲ.

"ಇದು ಹಿಸುಕಿಬಿಟ್ಟೆ ಅಲ್ಲ ಸಾರ್," ಎಂದಳು. "ಹಿಸುಕಿದ, ಆಮೇಲೆ ಬಿಟ್ಟ."

"ಸ್ಪ್ಯಾನರ್ ಹಿಡಿಯೋನು ಕಣಮ್ಮಾ ಅವನು. ವ್ಯಾಕರಣ ನೋಡ್ಕೊಂಡು ಬರೀತಾನಾ?"

"ಮುಂದಿನ ಸಾಲಲ್ಲಿ 'ಅತ್ತುಬಿಟ್ಟೆ' ಅಂತ ಕೂಡ್ಸೇ ಬರೆದಿದ್ದಾನಲ್ಲ. ಇದೊಂದನ್ನೇ ಬಿಡಿಸಿದ್ದಾನೆ. ಪೋಸ್ಟ್‌ಮಾರ್ಟಂ ನೋಡಿ, ಬೆರಳಿನ ಗುರುತಿನ ಕೆಳಗೆ ಕತ್ತಿನ ಸುತ್ತಲೂ ಒಂದು ತೆಳು ಗೆರೆ. ಅಂಗಿ ಕಾಲರ್ ಉಜ್ಜಿದ್ದು ಅಂತ ಕೋರ್ಟು ಹೇಳ್ತು. ನೀವೂ ಅದನ್ನೇ ಬರೆದ್ರಿ."

ಕಡತ ಎತ್ತಿ ಗೋಡೆಗೆ ಬೀಸಿದೆ. ಅವಳು ಹಾಳೆಗಳನ್ನು ಒಂದೊಂದಾಗಿ ಆಯ್ದು ಮೇಜಿನ ಮೇಲಿಟ್ಟಳು. "ಅವನ ಅಕ್ಕ ಹೊರಗೆ ಕೂತಿದಾರೆ ಸಾರ್. ನಾನೇ ಕರೆಸಿದ್ದು."

ಅಕ್ಕನ ಮುಖದ ಕೆಳಭಾಗ ಒಂದು ಕಡೆಗೆ ಸರಿದುಹೋಗಿತ್ತು. ಬಾಯಿಯ ಅರ್ಧದಲ್ಲೇ ಮಾತಾಡಿದಳು.

"ತಮ್ಮ ಬಿಟ್ಟಾಗ ನನ್ನ ಗಂಡ ನೆಲದ ಮೇಲೆ ಬಿದ್ದು ಕೆಮ್ತಿದ್ದ ಸಾರ್. ಕೆಮ್ಮೋ ಮಧ್ಯೆಯೂ ನನ್ನನ್ನೇ ಬೈತಿದ್ದ. ತಮ್ಮ ಹೋದ ಮೇಲೆ ಎದ್ದು ಚಿಲಕ ಹಾಕಿದ. ಕೂದಲು ಹಿಡಿದು, ಮುರಿದ ದವಡೆಯನ್ನೇ ಅಡುಗೆ ಕಟ್ಟೆಗೆ ಬಡಿದ. ಎರಡು ಹಲ್ಲು ನುಂಗಿದೆ. ಮಗಳಿಗೆ ಆಗ ಮೂರು ವರ್ಷ, ಮೇಜಿನ ಕೆಳಗೆ ಅವಿತಿದ್ಲು. 'ಈಗ ಇವಳ ಸರದಿ' ಅಂತ ಅವಳ ಕಾಲು ಹಿಡಿದು ಎಳೆಯೋಕೆ ಬಗ್ಗಿದ. ನನ್ನ ಕೈಗೆ ಇಸ್ತ್ರಿ ಪೆಟ್ಟಿಗೆ ವೈರು ಸಿಕ್ತು. ಕತ್ತಿಗೆ ಸುತ್ತಿ, ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದೆ. ಒದ್ದಾಡಿ ಕುರ್ಚಿ ಮುರಿದ. ಕಾಲು ಆಡೋದು ನಿಂತ ಮೇಲೂ ನಾನು ಬಿಡ್ಲಿಲ್ಲ."

ಅಂಗೈ ಬಿಡಿಸಿ ತೋರಿಸಿದಳು. ಎರಡರಲ್ಲೂ ವೈರು ಕೊಯ್ದ ಬಿಳಿ ಗೆರೆ ಇತ್ತು.

"ಒಂಬತ್ತು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?" ನಾನು ಕಿರುಚಿದೆ.

"ತಂತಿ ಸಾರ್. ದವಡೆಗೆ ತಂತಿ ಹಾಕಿ ಬಿಗಿದಿದ್ರು. ಅದನ್ನ ಬಿಚ್ಚೋ ಹೊತ್ತಿಗೆ ತಮ್ಮ ತಾನೇ ಕೊಂದೆ ಅಂತ ಒಪ್ಕೊಂಡಾಗಿತ್ತು. ಮಗೂನ ದೊಡ್ಡೋಳು ಮಾಡು, ಬಾಯಿ ಬಿಡಬೇಡ ಅಂತ ಮಾತು ತಗೊಂಡ." ಹೊಸ ವಕೀಲೆಯ ಕಡೆ ನೋಡಿದಳು. "ತಮ್ಮ ಬಿಟ್ಟಾಗ ಅವನಿಗೆ ಉಸಿರಿತ್ತಾ ಅಂತ ನಿನ್ನೆ ಇವರು ಫೋನಲ್ಲಿ ಕೇಳಿದ್ರು. ಅಲ್ಲೀವರೆಗೂ ಯಾರೂ ಕೇಳೇ ಇರ್ಲಿಲ್ಲ. ಕೇಳಿದ ಮೇಲೆ ತಡ್ಕೊಳ್ಳೋಕೆ ಆಗ್ಲಿಲ್ಲ."

ಮರುದಿನ ಹೊಸ ವಕೀಲೆಯ ಜೊತೆ ಜೈಲಿಗೆ ಹೋದೆ. ಸಂದರ್ಶನದ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಬಾಗಿಲ ಹೊರಗೆ ಇಬ್ಬರು ಕಾವಲುಗಾರರು. ಮೆಕ್ಯಾನಿಕ್‌ನ ಕೈ ನನ್ನ ಎರಡು ಕೈಯಷ್ಟಿತ್ತು. ಹೊಸ ಹೇಳಿಕೆಗೆ ಸಹಿ ಹಾಕಲೆಂದು ಬೇಡಿ ಬಿಚ್ಚಿಸಿದ್ದೆ. ಅವನ ಮುಂದೆ ಹಳೆಯ ಅರ್ಜಿ ಇಟ್ಟೆ.

"ಈ ಗೀಟು ಯಾರು ಎಳೆದಿದ್ದು?"

"ನಾನು. ತಪ್ಪಾಗಿ ಎಳೆದೆ. ನಿನ್ನ ಅಕ್ಕ ಎಲ್ಲಾ ಹೇಳಿದಾಳೆ."

ಅವನ ಮುಖದ ರಕ್ತ ಇಳಿದುಹೋಯಿತು. "ಸರಿಯಾಗೇ ಎಳೆದಿದೀರಿ ಸಾರ್. ಕೂಡ್ಸೇ ಓದ್ಕೊಳ್ಳಿ."

"ಹಾಗಾದ್ರೆ ಬಿಡಿಸಿ ಯಾಕೆ ಬರೆದೆ?"

"ಬಾಯಲ್ಲಾದ್ರೆ ಸುಳ್ಳು ಹೇಳ್ಬಹುದು. ಬರೆಯೋವಾಗ ಕೈ ಕೇಳ್ಲಿಲ್ಲ." ಅರ್ಜಿಯನ್ನು ನನ್ನ ಕಡೆಗೆ ತಳ್ಳಿದ. "ಕೈ ಮುಗೀತೀನಿ ಸಾರ್. ಅವಳನ್ನ ಒಳಗೆ ಹಾಕಿದ್ರೆ ಮಗು ಬೀದಿಪಾಲಾಗತ್ತೆ. ನಾನೇ ಕೊಂದಿದ್ದು."

"ನೀನು ಕೊಂದಿಲ್ಲ," ಎಂದೆ.

ಮೇಜು ಉರುಳಿತು. ನನ್ನ ತಲೆ ಗೋಡೆಗೆ ಬಡಿಯಿತು. ಅವನ ಎರಡು ಹೆಬ್ಬೆರಳು ನನ್ನ ಗಂಟಲ ಗುಣಿಯೊಳಗೆ ಇಳಿದವು. "ನೋಡಿ! ಹಿಂಗೇ ಕೊಂದಿದ್ದು! ಬರ್ಕೊಳ್ಳಿ!" ಎಂದು ಅರಚುತ್ತಿದ್ದ. ಕತ್ತಿನೊಳಗೆ ಏನೋ ಕಟಕ್ಕೆಂದಿತು. ಕಣ್ಣು ಕತ್ತಲೆಯಾಯಿತು, ನಾಲಿಗೆ ಹೊರಗೆ ಬಂತು, ಪ್ಯಾಂಟು ಒದ್ದೆಯಾಯಿತು. ಸತ್ತೆ ಎಂದುಕೊಂಡೆ. ಆಗ ಆ ಬೆರಳುಗಳು ಒಂದೊಂದಾಗಿ ಸಡಿಲಗೊಂಡು ಬಿಟ್ಟವು. ಕಾವಲುಗಾರರು ಇನ್ನೂ ಬಾಗಿಲ ಬೀಗದ ಜೊತೆ ಗುದ್ದಾಡುತ್ತಿದ್ದರು. ಅವನು ತನ್ನ ಕೈಗಳನ್ನೇ ದಿಟ್ಟಿಸುತ್ತ ನೆಲಕ್ಕೆ ಕುಸಿದು, ಮಗುವಿನಂತೆ ಅತ್ತ.

ಒಳಗೆ ಬಂದವರು ಲಾಠಿಯಿಂದ ಬಡಿದ ಬಡಿತಕ್ಕೆ ಅವನ ಹುಬ್ಬು ಒಡೆದು ರಕ್ತ ಗೋಡೆಗೆ ಸಿಡಿಯಿತು. ನಿಲ್ಲಿಸಿ ಎನ್ನಲು ನನಗೆ ದನಿಯೇ ಇರಲಿಲ್ಲ. ಹೊಸ ವಕೀಲೆ ಅಡ್ಡ ನುಗ್ಗಿ, ಒಂದು ಏಟನ್ನು ತನ್ನ ಭುಜಕ್ಕೆ ತಗೊಂಡು ನಿಲ್ಲಿಸಿದಳು.

ಅಲ್ಲೇ ನೆಲದ ಮೇಲೆ ಕೂತು, ಅದೇ ಕೆಂಪು ಪೆನ್ನಿನಿಂದ ಬರೆದೆ. 'ಪರಿಗಣಿಸಬಹುದು. ಹಿಂದಿನ ಅರ್ಜಿಯಲ್ಲಿರುವ ಕಮಾನು ನನ್ನದು, ತಪ್ಪೂ ನನ್ನದು. ಇವನು ಹಿಸುಕಿದ, ಬಿಟ್ಟ. ಸಾಕ್ಷಿ ನನ್ನ ಕತ್ತು. ಅಕ್ಕ ಕೊಂದದ್ದು ಮಗುವನ್ನು ಉಳಿಸಿಕೊಳ್ಳಲು.' ಈ ಸಲ ಮೇಲಿನವರ ಎದುರೇ ನಿಂತು, ಒಂದು ಪದವನ್ನೂ ಬಿಡದಂತೆ ಓದಿಸಿದೆ. ಗುರುವಾರ ಸಂಜೆ ಗಲ್ಲಿಗೆ ತಡೆ ಬಂತು. ಅಕ್ಕ ತಾನಾಗಿಯೇ ಠಾಣೆಗೆ ಹೋದಳು. ಮಗಳನ್ನು ಹೊಸ ವಕೀಲೆ ತನ್ನ ಮನೆಗೆ ಕರೆದುಕೊಂಡು ಹೋದಳು.

ಶುಕ್ರವಾರ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಆಫೀಸಿಗೆ ಬಂದೆ. ಹೊಸ ವಕೀಲೆಯನ್ನು ಕರೆದು, ಉಳಿದ ಅರ್ಧ ದನಿಯಲ್ಲಿ ಹೇಳಿದೆ. "ನಾನು ಗೀಟು ಎಳೆದಿರೋ ಹಳೇ ಅರ್ಜಿಗಳನ್ನೆಲ್ಲ ತೆಗೆಸಿ."

ಅವಳು ಬಾಗಿಲ ತನಕ ಹೋಗಿ ತಿರುಗಿದಳು. "ಗಲ್ಲಾಗಿಹೋದವರದೂ?"

"ಅವರದ್ದೇ ಮೊದಲು," ಎಂದೆ.